ಸ್ಪ್ರಿಂಗ್ ಲೇನಿನಿಂದ ಪಟ್ಟಂವರೆಗೆ ಗುರುವನ್ನು ಕರೆಸಿದವರಿಗೆ

ಪಾರಂಪರಿಕ ಬೀದಿ ಯೋಜನೆಯ ಮಾನ್ಯ ವಿಶೇಷಾಧಿಕಾರಿಗಳೇ,

ಕೊಚ್ಚಿಯ ಸ್ಪ್ರಿಂಗ್ ಲೇನಿನ ಗುರುದ್ವಾರದ ಕಡತವನ್ನು ತಾವು ಮುಚ್ಚಿದ್ದೀರಿ. ಅದರ ಕೊನೆಯ ಹಾಳೆಯಲ್ಲಿ ತಮ್ಮ ಕೈಬರಹದಲ್ಲೇ ಹೀಗಿದೆ: 'ಸ್ವತ್ತಿನ ಒಡೆಯರು ಖುದ್ದು ಹಾಜರಾಗಿದ್ದರು. ಕೇಳಿದ ಪ್ರಶ್ನೆಗೆ ಉತ್ತರಿಸಲಿಲ್ಲ. ಸಹಿ ಹಾಕಲಿಲ್ಲ. ಆದುದರಿಂದ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗಿದೆ.' ಉತ್ತರಿಸದ ಆ ಒಡೆಯರು ಯಾರೆಂದು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಅವರು ಗುರು ಗ್ರಂಥ ಸಾಹಿಬ್. ಸಿಖ್ಖರ ಪಾಲಿಗೆ ಜೀವಂತ ಗುರು. ತಮ್ಮ ಪಾಲಿಗೆ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕ. ತಾವು ಒಂದು ಗ್ರಂಥಕ್ಕೆ ನೋಟೀಸು ಕೊಟ್ಟಿರಿ, ಇನ್ನೂರು ಕಿಲೋಮೀಟರು ದೂರದಿಂದ ತಿರುವನಂತಪುರಕ್ಕೆ ಕರೆಸಿದಿರಿ, ಕಾರಿಡಾರಿನಲ್ಲಿ ಕಾಯಿಸಿದಿರಿ, ಕೊನೆಗೆ ಅದು ಬಾಯಿ ಬಿಡಲಿಲ್ಲವೆಂದು ಅದರ ಮನೆಯನ್ನೇ ಕಿತ್ತುಕೊಂಡಿರಿ. ಇಷ್ಟು ದಕ್ಷ ಅಧಿಕಾರಿಯನ್ನು ನನ್ನ ಮೂವತ್ತೊಂದು ವರ್ಷದ ಸರಕಾರಿ ನೌಕರಿಯಲ್ಲಿ ನಾನು ಕಂಡಿರಲಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಬೇಸರಿಸಬೇಡಿ. ನಾನು ಕಾಸರಗೋಡಿನ ಬದಿಯಡ್ಕದವಳು. ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಅರ್ಜಿ ಸಲ್ಲಿಸಬಹುದು, ಸರಕಾರ ಅದನ್ನು ಅನುವಾದಿಸಿಕೊಂಡು ಓದಬೇಕು ಎಂಬ ನಿಯಮವಿದೆ. ಹಾಗೆ ಅನುವಾದಿಸುವ ಕೆಲಸವನ್ನು ಸರಕಾರದಲ್ಲಿ ಇಷ್ಟು ವರ್ಷ ಮಾಡುತ್ತಿದ್ದವಳು ನಾನೇ. ನಾನು ನಿವೃತ್ತಳಾದ ಮೇಲೆ ಆ ಕುರ್ಚಿಗೆ ಯಾರೂ ಬಂದಿಲ್ಲವಂತೆ. ಎಂದರೆ ಈ ಪತ್ರವನ್ನು ತಮಗೆ ಓದಿ ಹೇಳುವವರು ಯಾರೂ ಇಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ತಾವು ಓದುವುದಿಲ್ಲವೆಂಬ ಧೈರ್ಯದಲ್ಲಿ ಎಷ್ಟೊಂದು ಸತ್ಯವನ್ನು ಹೇಳಬಹುದು, ನೋಡಿ.

ಸ್ಪ್ರಿಂಗ್ ಲೇನ್ ಎಂದರೆ ಎರ್ನಾಕುಲಂ ದಕ್ಷಿಣ ರೈಲು ನಿಲ್ದಾಣದಿಂದ ತೇವರದ ಕಡೆಗೆ ಹೋಗುವಾಗ ಸಿಗುವ ಒಂದು ಓಣಿ. ಎರಡೂ ಬದಿಯಲ್ಲಿ ಲಾರಿಯ ಬಿಡಿಭಾಗದ ಅಂಗಡಿಗಳು, ಬಾಗಿಲಲ್ಲಿ ಅಟ್ಟಿ ಕಟ್ಟಿದ ಸ್ಪ್ರಿಂಗ್ ಪಟ್ಟಿಗಳು. ದೇಶ ಒಡೆದಾಗ ಗುಜ್ರಾನ್‌ವಾಲಾದಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವರಲ್ಲಿ ಕೆಲವರು ದೆಹಲಿಯಲ್ಲೂ ನಿಲ್ಲಲಾಗದೆ, ಮುಂಬಯಿಯಲ್ಲೂ ನಿಲ್ಲಲಾಗದೆ, ರೈಲು ಮುಗಿಯುವ ಕಡೆಗೆ ಹೋಗೋಣವೆಂದು ಕೊಚ್ಚಿಗೆ ಬಂದಿಳಿದರು. ಬಂದರಿನಲ್ಲಿ ಲಾರಿಗಳಿದ್ದವು, ಲಾರಿಗಳು ಕೆಡುತ್ತಿದ್ದವು, ಇವರಿಗೆ ಅದೊಂದು ಗೊತ್ತಿತ್ತು. ಒಂದು ಕಾಲಕ್ಕೆ ನಲವತ್ತು ಮನೆಗಳಿದ್ದವು. ಗೋದಾಮಿನ ಮಾಳಿಗೆಯನ್ನೇ ಗುರುದ್ವಾರ ಮಾಡಿಕೊಂಡರು. ಹತ್ತೊಂಬತ್ತು ಮರದ ಮೆಟ್ಟಿಲು, ಕೆಳಗೆ ಅಡುಗೆಮನೆ. ತಮ್ಮ ಸಮೀಕ್ಷಕರು ಬಂದು ನೋಡಿ 'ಕಟ್ಟಡ ಹಳೆಯದು, ಆದರೆ ಪಾರಂಪರಿಕವಲ್ಲ' ಎಂದು ಬರೆದುಕೊಂಡು ಹೋದರು. ಪಾರಂಪರಿಕವಾಗಲು ಕಟ್ಟಡ ಏನು ಮಾಡಬೇಕಿತ್ತೋ ನನಗಂತೂ ತಿಳಿಯಲಿಲ್ಲ. ರಾಜನೊಬ್ಬ ಅಲ್ಲಿ ಒಂದು ರಾತ್ರಿ ಮಲಗಿ ಎದ್ದಿದ್ದರೆ ಸಾಕಾಗುತ್ತಿತ್ತೇನೋ. ಓಡಿಬಂದವರು ಎಪ್ಪತ್ತು ವರ್ಷ ಎಚ್ಚರವಿದ್ದುದು ತಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಆ ಗ್ರಂಥ ಅಲ್ಲಿಗೆ ಬಂದದ್ದು ೧೯೫೬ರಲ್ಲಿ, ಅಮೃತಸರದಿಂದ, ರೈಲಿನಲ್ಲೇ. ಅದನ್ನು ತಲೆಯ ಮೇಲೆ ಹೊತ್ತು ತಂದವರು ಗುರ್ದಿತ್ ಸಿಂಗ್ ಅವರ ತಂದೆ. ಗುರ್ದಿತ್ ಸಿಂಗರಿಗೆ ಆಗ ಹದಿಮೂರು ವರ್ಷ, ಈಗ ಎಂಬತ್ತೊಂದು. ಮೊನ್ನೆ ಮೊನ್ನೆಯವರೆಗೂ ಆ ಗುರುದ್ವಾರವನ್ನು ನೋಡಿಕೊಂಡವರು ಅವರೇ. ಓಣಿಯವರೆಲ್ಲ ಅವರನ್ನು ಸಿಂಗ್ ಚೇಟ್ಟನ್, ಎಂದರೆ ಸಿಂಗಣ್ಣ, ಎನ್ನುತ್ತಾರೆ, ನಾನೂ ಹಾಗೆಯೇ. ಅವರು ಹೇಳುತ್ತಿದ್ದ ಕತೆಯಿದು: ಅಂದು ರೈಲು ಏಳು ಗಂಟೆ ಬೇಗ ಬಂದುಬಿಟ್ಟಿತಂತೆ, ಅಲ್ಲ, ಏಳು ಗಂಟೆ ತಡವಾಗಿ, ನಮ್ಮ ರೈಲು ಬೇಗ ಬಂದದ್ದುಂಟೇ! ಎದುರುಗೊಳ್ಳಲು ಬಂದಿದ್ದವರು ಕಾದು ಕಾದು ಮನೆಗೆ ಹೋಗಿದ್ದರು. ಗ್ರಂಥವನ್ನು ಕೆಳಗಿಡುವಂತಿಲ್ಲ, ಹೊತ್ತು ನಿಂತವರ ಕಾಲು ನಡುಗುತ್ತಿದೆ. ಅದನ್ನು ಕಂಡ ಸ್ಟೇಷನ್ ಮಾಸ್ಟರು ಇದೇನೆಂದು ಕೇಳಿದರು. ನಮ್ಮ ಗುರು ಎಂದರು ಇವರು. ಮಾಸ್ಟರು ಇನ್ನೊಂದು ಪ್ರಶ್ನೆ ಕೇಳದೆ ತಮ್ಮ ಮೇಜಿನ ಮೇಲಿದ್ದ ಕಾಗದ ಪತ್ರವನ್ನೆಲ್ಲ ತೆಗೆದು, ಒರೆಸಿ, ಮನೆಯಿಂದ ಒಗೆದ ಮುಂಡು ಪಂಚೆ ತರಿಸಿ ಹಾಸಿ, ಕೋಣೆಯನ್ನು ಬಿಟ್ಟುಕೊಟ್ಟು, ಹೊರಗೆ ಪ್ಲಾಟ್‌ಫಾರಂನಲ್ಲಿ ನಿಂತೇ ಕೆಲಸ ಮಾಡಿದರಂತೆ. ಮಾಸ್ಟರಿಗೆ ಪಂಜಾಬಿ ಬರುತ್ತಿರಲಿಲ್ಲ, ಇವರಿಗೆ ಮಲಯಾಳಂ ಬರುತ್ತಿರಲಿಲ್ಲ. ಈ ಸ್ಟೇಷನ್ ಮಾಸ್ಟರರನ್ನು ನೆನಪಿಟ್ಟುಕೊಳ್ಳಿ. ತಮ್ಮ ಸರದಿ ಬರುವಾಗ ಮತ್ತೆ ಅವರ ಮಾತು ಬರುತ್ತದೆ.

ನನ್ನ ಕತೆಯನ್ನೂ ಹೇಳಬೇಕು. ೧೯೮೮ರಲ್ಲಿ ನನಗೆ ಮೊದಲ ನೌಕರಿ ಸಿಕ್ಕಿದ್ದು ಎರ್ನಾಕುಲಂನಲ್ಲಿ. ಸ್ಪ್ರಿಂಗ್ ಲೇನಿನ ಮಹಿಳಾ ಹಾಸ್ಟೆಲಿನಲ್ಲಿ ವಾಸ. ಭಾನುವಾರ ಮಧ್ಯಾಹ್ನ ಅಲ್ಲಿ ಊಟವಿಲ್ಲ. ಎದುರಿನ ಗುರುದ್ವಾರದಲ್ಲಿ ಯಾರು ಹೋದರೂ ಊಟ ಹಾಕುತ್ತಾರೆ ಎಂದು ಚಹಾದಂಗಡಿಯವರು ಹೇಳಿದರು. ಹೋದೆ. ಆದರೆ ಮಡಿಯ ಮನೆಯ ಹುಡುಗಿ ನೋಡಿ, ಕಂಡವರು ಉಂಡ ತಟ್ಟೆಯಲ್ಲಿ ಉಣ್ಣುವುದೆಂತು ಎಂದು ನನ್ನದೇ ಸ್ಟೀಲ್ ತಟ್ಟೆ ಹಿಡಿದುಕೊಂಡು ಹೋಗಿದ್ದೆ. ಹಸಿವಿಗೆ ಅವರ ಅನ್ನ ಬೇಕು, ಜಾತಿಗೆ ನನ್ನ ತಟ್ಟೆ ಬೇಕು. ಸಿಂಗ್ ಚೇಟ್ಟನ್ ಅದಕ್ಕೇ ಬಡಿಸಿದರು, ಉಂಡ ಮೇಲೆ ಎಲ್ಲರ ತಟ್ಟೆಯ ಜೊತೆ ನನ್ನ ತಟ್ಟೆಯನ್ನೂ ತಾವೇ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಮೂರನೆಯ ವಾರ ನಾನು ತಟ್ಟೆ ಒಯ್ಯಲಿಲ್ಲ. ನಾಚಿಕೆಯಾಯಿತು, ಅಷ್ಟೆ. ಮೂರು ವರ್ಷದ ಭಾನುವಾರಗಳನ್ನು ಅಲ್ಲಿ ಉಂಡಿದ್ದೇನೆ. ಆಮೇಲೆ ಸರಕಾರಿ ನೌಕರಿ ಸಿಕ್ಕಿ ತಿರುವನಂತಪುರಕ್ಕೆ ಬಂದರೂ ಕೊಚ್ಚಿಗೆ ಹೋದಾಗಲೆಲ್ಲ ಆ ಮೆಟ್ಟಿಲು ಹತ್ತದೆ ಬಂದವಳಲ್ಲ.

ಮಾನ್ಯರೇ, ಆ ಓಣಿಯ ಚರಿತ್ರೆಗೆ ದಾಖಲೆ ಎಲ್ಲಿ ಎಂದು ತಮ್ಮ ಅರ್ಜಿ ನಮೂನೆಯಲ್ಲಿ ಕೇಳಿದಿರಲ್ಲ? ಎಂಬತ್ತನಾಲ್ಕರಲ್ಲಿ ದೆಹಲಿಯಿಂದ ಸಿಖ್ಖರನ್ನು ಕೊಲ್ಲುತ್ತಿದ್ದಾರೆಂಬ ಸುದ್ದಿ ಬಂದಾಗ ಚಹಾದಂಗಡಿಯ ಯಜಮಾನರು ತಮ್ಮ ಅಂಗಡಿಯ ಎರಡು ಬೆಂಚುಗಳನ್ನು ಓಣಿಯ ಬಾಯಿಗೆ ಅಡ್ಡ ಹಾಕಿ, ಮೂರು ದಿನ ಅಲ್ಲಿಂದ ಏಳಲಿಲ್ಲ. ಯಾರೂ ಬರಲಿಲ್ಲ, ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೆ ದಾಖಲೆ ಎಲ್ಲಿಂದ ತರೋಣ? ಆ ಅಂಗಡಿಯನ್ನು ಈಗ ಅವರ ಮಗಳು ಜುಬೈದಾ ನಡೆಸುತ್ತಾಳೆ, ಬೆಂಚು ಈಗಲೂ ಅವೇ. ಮಹಾಪ್ರವಾಹದ ವರ್ಷ ಗುರುದ್ವಾರದವರು ಆಲುವಾದ ಶಿಬಿರಗಳಿಗೆ ಒಂಬತ್ತು ದಿನ ರೊಟ್ಟಿ ಕಳಿಸಿದರು. ಒದ್ದೆಯಲ್ಲಿ ನಡುಗುವವರಿಗೆ ರೊಟ್ಟಿ ಗಂಟಲಿಳಿಯುವುದಿಲ್ಲ ಎಂದು ಗೊತ್ತಾದಾಗ ಎಪ್ಪತ್ತೈದರ ಸಿಂಗ್ ಚೇಟ್ಟನ್ ಜುಬೈದಾಳ ಹತ್ತಿರ ಕೂತು ಕಂಜಿ ಮಾಡಲು ಕಲಿತರು. ತಮ್ಮ ನಮೂನೆಯಲ್ಲಿ ಕಂಜಿಗೆ ಕಾಲಂ ಇರಲಿಲ್ಲ.

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಟ್ಟು ತಮ್ಮನ್ನೊಬ್ಬರನ್ನೇ ಬೈದರೆ ನಾಳೆ ನನಗೆ ನಿದ್ದೆ ಬರುವುದಿಲ್ಲ. ಓಣಿಯನ್ನು ಪಾರಂಪರಿಕ ಬೀದಿ ಮಾಡುತ್ತಾರೆ, ಪಟ್ಟಿಯಲ್ಲಿ ಸೇರಿದ ಕಟ್ಟಡ ಉಳಿಯುತ್ತದೆ, ಸೇರದ್ದನ್ನು ಕೆಡವಿ ಪರಂಪರೆ ನೋಡಲು ಬರುವವರ ಕಾರು ನಿಲ್ಲಿಸಲು ಜಾಗ ಮಾಡುತ್ತಾರೆ ಎಂದು ತಮ್ಮ ಪ್ರಕಟಣೆ ಬಂದಾಗ ಸಿಂಗ್ ಚೇಟ್ಟನ್ ನನಗೆ ಫೋನು ಮಾಡಿದರು. ಸರಕಾರಿ ಕಾಗದ ತುಂಬಲು ನನ್ನಷ್ಟು ಬಲ್ಲವರು ಇನ್ನಾರಿದ್ದಾರೆ? ಬಿಂಕದಿಂದಲೇ ಹೋದೆ. 'ಸ್ವತ್ತಿನ ಒಡೆಯರ ಹೆಸರು' ಎಂಬ ಕಾಲಂ ಬಂತು. ಗುರುದ್ವಾರ ಸಮಿತಿಯ ಹೆಸರು ಬರೆ ಮೋಳೇ ಎಂದರು ಅವರು. ಮೋಳೇ ಎಂದರೆ ಮಗಳೇ. ನನಗೆ ಐವತ್ತೆಂಟಾದರೂ ಹಾಗೆಯೇ ಕರೆಯುವುದು. ನಾನು ಕೇಳಲಿಲ್ಲ. ನಮ್ಮೂರ ಕಡೆ ದೇವಸ್ಥಾನದ ಗದ್ದೆಗೆ ದೇವರೇ ಒಡೆಯ, ಹಾಗೆಯೇ ಗುರು ಗ್ರಂಥ ಸಾಹಿಬ್ ಕೂಡ ಕಾನೂನಿನ ಪ್ರಕಾರ ಒಬ್ಬ ವ್ಯಕ್ತಿ, ಸುಪ್ರೀಂ ಕೋರ್ಟೇ ಹೇಳಿದೆ, ಈ ಜಾಗ ಅವರ ಹೆಸರಿನಲ್ಲೇ ಇರುವಾಗ ಬೇರೆ ಹೆಸರು ಬರೆಯುವುದು ತಪ್ಪು ಎಂದು ಅವರಿಗೆ ಪಾಠ ಮಾಡಿದೆ. ದುಂಡಗಿನ ಅಕ್ಷರದಲ್ಲಿ ಬರೆದೆ: ಶ್ರೀ ಗುರು ಗ್ರಂಥ ಸಾಹಿಬ್. ಕಾನೂನು ಗೊತ್ತಿದ್ದವಳ ಸೊಕ್ಕು ಅದು. ಕಾನೂನು ಗೊತ್ತಿಲ್ಲದವರು ಅದನ್ನು ಓದುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಿಗೆ ತಮ್ಮ ನೋಟೀಸು ಬಂತು. ಶ್ರೀ ಗುರು ಗ್ರಂಥ ಸಾಹಿಬ್, ತಂದೆಯ ಹೆಸರು ನಮೂದಿಸಿಲ್ಲ, ವಿಚಾರಣೆಗೆ ಗುರುತಿನ ಚೀಟಿಯೊಂದಿಗೆ ಖುದ್ದು ಹಾಜರಾಗತಕ್ಕದ್ದು, ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು. ನಾನು ನಕ್ಕೆ. ತಿರುವನಂತಪುರದ ಪಟ್ಟಂನಲ್ಲಿ ನನ್ನ ಫ್ಲಾಟಿನಿಂದ ಏಳು ನಿಮಿಷ ನಡೆದರೆ ತಮ್ಮ ಕಚೇರಿ. ಹೋಗಿ ಶಾಖೆಯ ಗುಮಾಸ್ತರಿಗೆ ವಿವರಿಸಿದೆ: ಇದು ಧರ್ಮಗ್ರಂಥ, ಇದರ ಪರವಾಗಿ ಗುರ್ದಿತ್ ಸಿಂಗ್ ಬರುತ್ತಾರೆ. ಆತ ಕಡತ ತಿರುಗಿಸಿ ನೋಡಿ, ಮೇಡಂ, ನೋಟೀಸಿನಲ್ಲಿ ಯಾರ ಹೆಸರಿದೆಯೋ ಅವರೇ ಬರಬೇಕು, ಸಾಹೇಬರು ಬದಲಿಗೆ ಬಂದವರನ್ನು ಒಪ್ಪುವುದಿಲ್ಲ, ಇದು ಅವರ ಬಿಗಿ ಆದೇಶ ಎಂದ. ತಮ್ಮ ಹತ್ತಿರ ಮಾತಾಡಲು ಸಮಯ ಕೇಳಿದೆ. ತಾವು ಮೂರು ಸಲವೂ ಮೀಟಿಂಗಿನಲ್ಲಿದ್ದಿರಿ. ನಗು ಅಲ್ಲಿಗೆ ಮುಗಿಯಿತು.

ಬರುವುದು ಬೇಡ, ಕೋರ್ಟಿಗೆ ಹೋಗೋಣ ಎಂದು ಸಿಂಗ್ ಚೇಟ್ಟನ್ನರಿಗೆ ಎಷ್ಟು ಹೇಳಿದೆ! ಅವರು ಮುಗುಳ್ನಕ್ಕು, ಕರೆದಿದ್ದಾರಲ್ಲ ಮೋಳೇ, ಕರೆದಲ್ಲಿಗೆ ಗುರು ಹೋಗದೆ ಇದ್ದದ್ದಿಲ್ಲ ಎಂದರು. ಕೊಯಮತ್ತೂರಿನಿಂದ ಸೋದರಳಿಯ ಮೊಹಿಂದರ್ ಎರಡು ದಿನಕ್ಕೆಂದು ಬಂದ. ಬೆಳಗಿನ ರೈಲಿಗೆ ಮೂರು ಟಿಕೆಟು. ನಡುವಿನ ಸೀಟಿನಲ್ಲಿ ಬಿಳಿ ಬಟ್ಟೆ ಹಾಸಿ, ದಿಂಬಿನ ಮೇಲೆ ಗ್ರಂಥ, ಎರಡೂ ಕಡೆ ಇಬ್ಬರು. ಮೂರನೆಯವರೆಲ್ಲಿ ಎಂದು ಕೇಳಿದ ಟಿಕೆಟ್ ಪರೀಕ್ಷಕನಿಗೆ ವಿಷಯ ಹೇಳಿದಾಗ ಆತ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಕೈಮುಗಿದು ಮುಂದೆ ಹೋದನಂತೆ. ತಮಗಿಂತ ಎಷ್ಟೋ ಕೆಳಗಿನ ದರ್ಜೆಯ ನೌಕರ. ಅವನಿಗೆ ಹಾಜರಿ ಹಾಕುವುದು ಗೊತ್ತಿತ್ತು.

ತಂಪಾನೂರು ರೈಲು ನಿಲ್ದಾಣದಲ್ಲಿ ಇಳಿದವರನ್ನು ಟ್ಯಾಕ್ಸಿಯಲ್ಲಿ ಕರೆತಂದೆ. ತಮ್ಮ ಗೇಟಿನೊಳಗೆ ಹೊರಗಿನ ವಾಹನ ಬಿಡುವುದಿಲ್ಲ. ಆ ಏಪ್ರಿಲಿನ ಬಿಸಿಲಿಗೆ ಕಾದ ಟೈಲ್ಸಿನ ಮೇಲೆ ಬರಿಗಾಲಲ್ಲಿ, ತಲೆಯ ಮೇಲೆ ಗ್ರಂಥ ಹೊತ್ತು ಎಂಬತ್ತೊಂದರ ಮುದುಕರು. ಅವರ ರೀತಿಯಂತೆ ಮುಂದೆ ನೀರು ಚಿಮುಕಿಸುತ್ತ ನಾನು. ಹಿಂದೆ ಚಾಮರ ಬೀಸುತ್ತ ಮೊಹಿಂದರ್. ನೆಲ ಒದ್ದೆ ಮಾಡಬೇಡಿ ಎಂದು ಕಾವಲುಗಾರ ಗದರಿದ. ಆ ಗಂಟನ್ನು ಸ್ಕ್ಯಾನರಿನ ಬೆಲ್ಟಿನ ಮೇಲೆ ಹಾಕಿ ಎಂದ. ಅದೊಂದನ್ನು ನಾನು ಆಗಗೊಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಏರಿಸದ ದನಿಯನ್ನು ಅಲ್ಲಿ ಏರಿಸಿದೆ.

ಆಗ ಹತ್ತೂವರೆ. ತಾವು ನಮ್ಮನ್ನು ಕರೆದದ್ದು ಮೂರು ಗಂಟೆ ಹತ್ತು ನಿಮಿಷಕ್ಕೆ. ನಡುವಿನ ಹೊತ್ತನ್ನು ತಮಗೆ ವಿವರಿಸಿ ಹೇಳುವ ಆಸೆ ನನಗೆ. ಒಂದು ಸ್ವಚ್ಛವಾದ ಕೋಣೆ ಕೊಡಿ ಎಂದೆ. ಸಭಾಂಗಣ ಖಾಲಿಯೇ ಇತ್ತು, ಆದರೆ ಕೀಲಿಕೈ ಡ್ರೈವರನ ಹತ್ತಿರ, ಡ್ರೈವರ್ ತಮ್ಮ ಮನೆಯವರನ್ನು ಎಲ್ಲಿಗೋ ಕರೆದೊಯ್ದಿದ್ದ. ಒಂದು ಮೇಜು ಕೊಡಿ ಎಂದೆ. ಮೇಜಿನ ಮೇಲೆ ಊಟದ ಡಬ್ಬಿಗಳಿದ್ದವು. ತೆಗೆಯಲು ಯಾರೂ ಮನಸ್ಸು ಮಾಡಲಿಲ್ಲ. ಹಿಂದಿನ ದಿನವೇ ನನ್ನ ಮನೆಯ ಕೋಣೆಯೊಂದನ್ನು ತೊಳೆದು ಸಿದ್ಧ ಮಾಡಿದ್ದೆ, ಅಲ್ಲಿಗೆ ಹೋಗಿಬರುತ್ತೇವೆ ಎಂದೆ. ಈಗ ಹೆಸರು ಕೂಗಿದರೆ ಗೈರುಹಾಜರಿ ಬೀಳುತ್ತದೆ ಎಂದ ಗುಮಾಸ್ತ. ಚಪ್ಪಲಿಗಳು ಓಡಾಡುವ ನೆಲದಲ್ಲಿ ಗುರುವನ್ನು ಇಟ್ಟುಕೊಂಡು ಕೂರಲು ಸಿಂಗ್ ಚೇಟ್ಟನ್ ಒಪ್ಪಲಿಲ್ಲ. ನಿಂತರು. ಮೊಹಿಂದರನಿಗೆ ಎರಡೇ ಸಲ ಬದಲಿ ಕೊಟ್ಟರು, ಅದೂ ಕಾಲು ಕಾಲು ಗಂಟೆ. ನಾಲ್ಕು ಗಂಟೆ ನಲವತ್ತು ನಿಮಿಷ, ಮಾನ್ಯರೇ. ಅವರ ಕುತ್ತಿಗೆಯ ನರ ದಾರದ ಹಾಗೆ ಎದ್ದು ನಿಂತಿತ್ತು. ಒಳಗೆ ತಾವು ಫೋನಿನಲ್ಲಿ ಯಾರದೋ ಮದುವೆಯ ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದುದು ಕಾರಿಡಾರಿಗೆ ಚೆನ್ನಾಗಿ ಕೇಳುತ್ತಿತ್ತು.

ಕೊನೆಗೆ ಒಳಗೆ ಕರೆದಿರಿ. ಒಡೆಯರೆಲ್ಲಿ ಎಂದು ಕೇಳಿದಿರಿ. ತಲೆಯ ಮೇಲಿದ್ದಾರೆ ಎಂದೆ ನಾನು. ತಾವು ನೋಡಿದಿರಿ. ತಪ್ಪು ತಮಗೆ ಗೊತ್ತಾಯಿತು. ಗೊತ್ತಾದದ್ದನ್ನು ನಾನು ತಮ್ಮ ಮುಖದಲ್ಲಿ ಕಂಡೆ, ಇದಕ್ಕೆ ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ. ಕುರ್ಚಿಯಿಂದ ಎದ್ದು ಒಂದು ಮಾತು ಹೇಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಎದುರಿಗೆ ಗುಮಾಸ್ತರು ನಿಂತಿದ್ದರಲ್ಲ, ಅವರ ಮುಂದೆ ತಪ್ಪೊಪ್ಪಿಕೊಳ್ಳುವುದೆಂತು? ತಾವು ನಕ್ಕು, ಇದು ಸಹಿ ಹಾಕುತ್ತದೆಯೇ ಎಂದಿರಿ. ಗುಮಾಸ್ತರೂ ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಕಟ್ಟಡ ತೆರವಿನ ಬಗ್ಗೆ ಏನಾದರೂ ಹೇಳಲಿಕ್ಕಿದೆಯೇ ಎಂದು ನಿಯಮದಂತೆ ಕೇಳಿದಿರಿ. ಸಿಂಗ್ ಚೇಟ್ಟನ್ ಮಲಯಾಳಂನಲ್ಲಿ ನಿಧಾನವಾಗಿ ಹೇಳಿದರು, ನಾನು ಅಕ್ಷರಕ್ಕೆ ಅಕ್ಷರ ಅನುವಾದಿಸುತ್ತೇನೆ, ಅದು ನನ್ನ ಕಸುಬು:

"ಹೇಳಬೇಕಾದ್ದೆಲ್ಲ ಇದರೊಳಗೆ ಬರೆದಿದೆ ಸಾರ್. ತೆರೆಯಲು ಒಂದು ಚೊಕ್ಕಟ ಜಾಗ ಕೊಟ್ಟರೆ ಓದಿ ಹೇಳುತ್ತೇನೆ."

ತಮ್ಮ ಮೇಜು ಖಾಲಿಯಿತ್ತು. ಗಾಜು ಹಾಸಿದ, ಆರು ಅಡಿಯ ಮೇಜು, ಮೇಲೆ ಒಂದು ಪೆನ್ನು. ಆ ಹಳೆಯ ಸ್ಟೇಷನ್ ಮಾಸ್ಟರರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ ನೋಡಿ, ಇದಕ್ಕೇ. ತಾವು ಆ ಮೇಜಿನ ಮೇಲೆ ಮೊಣಕೈ ಊರಿ 'ಉತ್ತರಿಸಲಿಲ್ಲ' ಎಂದು ಬರೆದಿರಿ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ರಾತ್ರಿಯೇ ಕೊಚ್ಚಿಗೆ ಮರಳಿದ ಸಿಂಗ್ ಚೇಟ್ಟನ್ ಮಾರನೆಯ ಮುಂಜಾವ ಎಂದಿನಂತೆ ಗ್ರಂಥವನ್ನು ವಿಶ್ರಾಂತಿಯ ಕೋಣೆಯಿಂದ ಎತ್ತಿ ಪೀಠಕ್ಕೆ ತರಲು ಹೋದರು. ಬಲಗೈ ಮೇಲೇಳಲಿಲ್ಲ. ಕುತ್ತಿಗೆಯಲ್ಲಿ ನರ ಒತ್ತಿದೆ, ಇನ್ನು ನೀರಿನ ಕೊಡವನ್ನೂ ಎತ್ತಬಾರದು ಎಂದರು ಡಾಕ್ಟರು. ಓಣಿಯಲ್ಲಿ ಉಳಿದಿದ್ದವು ಅವರದೂ ಸೇರಿ ಮೂರೇ ಸಿಖ್ ಮನೆಗಳು. ಒಂದರಲ್ಲಿ ಹಾಸಿಗೆ ಹಿಡಿದವರು, ಇನ್ನೊಂದರಲ್ಲಿ ಹತ್ತೊಂಬತ್ತು ಮೆಟ್ಟಿಲು ಹತ್ತಲಾಗದವರು. ಮೊಹಿಂದರ್ ಇಪ್ಪತ್ತು ದಿನ ಉಳಿದ. ಅವನಿಗೂ ಅಂಗಡಿ, ಮನೆ ಇದೆ. ಬೆಳಗ್ಗೆ ತೆರೆದು ಸಂಜೆ ಮಲಗಿಸುವವರಿಲ್ಲದ ಕಡೆ ಗುರುವನ್ನು ಇರಿಸಬಾರದು. ಒಂದು ತಿಂಗಳಿಗೆ ಬೆಂಗಳೂರಿನ ಗುರುದ್ವಾರವೊಂದರಿಂದ ಐವರು ಬಂದು ಗ್ರಂಥವನ್ನು ಕಾರಿನಲ್ಲಿ ಕರೆದೊಯ್ದರು. ಅಪ್ಪ ಹೊತ್ತು ತಂದದ್ದನ್ನು ಮಗ ಇಳಿಸಿ ಕಳಿಸಬೇಕಿತ್ತು. ಎರಡು ಕೈ ಚಾಚಿದರು, ಒಂದೇ ಮೇಲೆದ್ದಿತು. ಜುಬೈದಾ ತಲೆಯ ಮೇಲೆ ಸೆರಗೆಳೆದುಕೊಂಡು ಇನ್ನೊಂದು ಬದಿಯನ್ನು ಹಿಡಿದಳು.

ಮರುವಾರ ತಮ್ಮ ಕಚೇರಿ ಬಾಗಿಲಿಗೆ ಕಾಗದ ಅಂಟಿಸಿತು: 'ಒಡೆಯರು ಸ್ವ-ಇಚ್ಛೆಯಿಂದ ತೆರವು ಮಾಡಿದ್ದಾರೆ.' ಭೇಷ್! ಇಷ್ಟು ಚೆಂದದ ಸುಳ್ಳನ್ನು ನಾನು ಯಾವ ಭಾಷೆಯಿಂದಲೂ ಯಾವ ಭಾಷೆಗೂ ಅನುವಾದಿಸಿದ್ದಿಲ್ಲ. ಈಗ ಆ ಜಾಗದಲ್ಲಿ ಪಾರ್ಕಿಂಗಿನ ಬಿಳಿ ಗೆರೆಗಳು. ಮೂಲೆಯಲ್ಲಿ ಪೇಟ ಸುತ್ತಿದ, ಕುಣಿಯುವ ಫೈಬರ್ ಗೊಂಬೆಯೊಂದು. ಪ್ರವಾಸಿಗರು ಅದರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜವಾದ ಪೇಟದ ಮುದುಕರು ಎದುರಿನ ಚಹಾದಂಗಡಿಯ ಅದೇ ಹಳೆಯ ಬೆಂಚಿನಲ್ಲಿ ಕೂತಿರುತ್ತಾರೆ, ಅವರನ್ನು ಯಾರೂ ನೋಡುವುದಿಲ್ಲ. ಪರಂಪರೆಗೆ ಅವರು ಅಡ್ಡಿ.

ನನ್ನ ಬೇಡಿಕೆಗೆ ಬರುತ್ತೇನೆ. ಕಟ್ಟಡ ವಾಪಸು ಕೊಡಿ ಎನ್ನುವುದಿಲ್ಲ, ಅದನ್ನು ಕೊಡುವ ಯೋಗ್ಯತೆ ತಮಗಿಲ್ಲ. ಕಡತದ ಕೊನೆಯ ಹಾಳೆಯನ್ನು ತಿದ್ದಿ. 'ಉತ್ತರಿಸಲಿಲ್ಲ' ಎಂಬುದನ್ನು ಹೊಡೆದುಹಾಕಿ, ಸಿಂಗ್ ಚೇಟ್ಟನ್ ಹೇಳಿದ ಆ ಎರಡು ವಾಕ್ಯಗಳನ್ನು ಬರೆದು, ಕೆಳಗೆ 'ಜಾಗ ಕೊಡಲಿಲ್ಲ' ಎಂದು ಸೇರಿಸಿ ಸಹಿ ಹಾಕಿ. ಆಮೇಲೆ ಆ ಹಾಳೆಯನ್ನು ಹಿಡಿದುಕೊಂಡು ಒಂದು ಭಾನುವಾರ ಸ್ಪ್ರಿಂಗ್ ಲೇನಿಗೆ ಖುದ್ದು ಹಾಜರಾಗತಕ್ಕದ್ದು. ಬದಲಿಗೆ ಬಂದವರನ್ನು ಒಪ್ಪುವುದಿಲ್ಲ.

ಅಲ್ಲಿ ತಮಗೇನೂ ಭಯವಿಲ್ಲ. ಭಾನುವಾರದ ಊಟ ನಿಂತಿಲ್ಲ. ಜುಬೈದಾಳ ಅಂಗಡಿಯ ಹಿಂದೆ ಒಲೆ ಹೂಡಿದ್ದಾರೆ, ಸಿಂಗ್ ಚೇಟ್ಟನ್ ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾರೆ. ತಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ, ಅದೇ ನನಗೆ ಸಹಿಸಲಾಗದ್ದು. ಹೋದ ವಾರ ನಾನು ತಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಅವರು, "ಮೋಳೇ, ಆ ಸಾರ್ ಅವತ್ತು ಮೂರು ಗಂಟೆಯಾದರೂ ಊಟಕ್ಕೆ ಎದ್ದಿರಲಿಲ್ಲ. ಆಮೇಲಾದರೂ ಉಂಡರೋ ಏನೋ" ಎಂದರು.

ನಾನಾಗಿದ್ದರೆ ತಮಗೆ ನೀರನ್ನೂ ಕೊಡುತ್ತಿರಲಿಲ್ಲ. ಅವರು ಬಡಿಸುತ್ತಾರೆ. ತಾವು ಉಣ್ಣಬೇಕು, ಒಂದು ಅಗುಳೂ ಬಿಡದೆ. ಉಂಡ ಮೇಲೆ ತಮ್ಮ ತಟ್ಟೆಯನ್ನು ಅವರು ಒಂದೇ ಕೈಯಲ್ಲಿ ತೊಳೆಯುತ್ತಾರೆ. ತಾವು ಅಲ್ಲಿಯೇ ನಿಂತು ಅದನ್ನು ನೋಡಬೇಕು. ತಮಗೆ ನಾನು ಕೋರುವ ಶಿಕ್ಷೆ ಇಷ್ಟೇ.

ಇಂತಿ,
ಒಡೆಯರ ಕಾಲಂನಲ್ಲಿ ಸರಿಯಾದ ಹೆಸರು ಬರೆದು ಒಡೆಯರ ಮನೆ ಕಳೆದವಳು,
ಪರಮೇಶ್ವರಿ
ನಿವೃತ್ತ ಕನ್ನಡ ಅನುವಾದಕಿ, ಪಟ್ಟಂ, ತಿರುವನಂತಪುರ